ಗೆದ್ದವನಿಗೆ ಕಿಟಕಿ ಸೀಟು

ತಾರಾನಾಥನ ಬಲ ಮೊಣಕಾಲು ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ಕಟಕ್ ಎಂದದ್ದೇ ಎಲ್ಲಕ್ಕೂ ಮೂಲ. ಡಾಕ್ಟರು ಕಾಲನ್ನು ಆಚೆ ತಿರುಗಿಸಿ ಈಚೆ ತಿರುಗಿಸಿ, ರೈಲಿನಲ್ಲಿ ನಿಂತು ಹೋಗುತ್ತೀರಾ ಎಂದು ಕೇಳಿದರು. ಹೌದೆಂದ. ಇನ್ನು ಮೇಲೆ ಕುಳಿತು ಹೋಗಿ, ಇಲ್ಲದಿದ್ದರೆ ಆಪರೇಷನ್ನಿಗೆ ತಯಾರಾಗಿ ಎಂದರು. ಹೇಳುವುದಕ್ಕೆ ಅವರಿಗೇನು? ಆಫೀಸಿರುವ ಬೇಲಾಪುರದವರೆಗೆ ಕುಳಿತು ಹೋಗಬೇಕಾದರೆ ದೇಜಪ್ಪಣ್ಣನನ್ನು ಚೆಸ್ಸಿನಲ್ಲಿ ಸೋಲಿಸಬೇಕು ಎಂಬುದು ಯಾವ ವೈದ್ಯಶಾಸ್ತ್ರದಲ್ಲೂ ಬರೆದಿಲ್ಲ.

ಡೊಂಬಿವಲಿಯಿಂದ ಥಾಣೆಯವರೆಗೆ ಕೂರುವ ಮಾತೇ ಇಲ್ಲ. ಎರಡೂ ಪಾದ ಊರಲು ಜಾಗ ಸಿಕ್ಕಿದರೆ ಪುಣ್ಯ. ಥಾಣೆಯಲ್ಲಿ ಇಳಿದು ಪನವೇಲಿನ ರೈಲು ಹಿಡಿಯಬೇಕು. ಅದು ಅಲ್ಲಿಂದಲೇ ಹೊರಡುವುದರಿಂದ, ನಿಲ್ಲುವ ಮೊದಲೇ ಹಾರಿ ಹತ್ತಿದವರಿಗೆ ಸೀಟು ಉಂಟು. ಐದು ಮಂದಿಯ ಕನ್ನಡ ಗುಂಪಿನ ಪರವಾಗಿ ಹಾರುವ ಕೆಲಸ ಯಂಕಪ್ಪನದು. ಕಲಬುರಗಿ ಕಡೆಯ ಯಂಕಪ್ಪ ಪನವೇಲಿನ ಹತ್ತಿರದ ಗೋದಾಮಿನಲ್ಲಿ ಹಮಾಲರ ಮೇಲ್ವಿಚಾರಕ, ಅಂದರೆ ಮುಕಾದಮ. ಎಷ್ಟೇ ನೂಕುನುಗ್ಗಲಿದ್ದರೂ ಎರಡು ಕರವಸ್ತ್ರ ಎಸೆದು ಎರಡು ಕಿಟಕಿ ಸೀಟು ಹಿಡಿದೇ ಹಿಡಿಯುತ್ತಿದ್ದ. ಆ ಸೀಟುಗಳಲ್ಲಿ ಘನ್ಸೋಲಿಯವರೆಗೆ ಇಬ್ಬರು ಕೂತು, ಆಮೇಲೆ ಎದ್ದು ನಿಂತವರಿಗೆ ಬಿಟ್ಟುಕೊಡುವುದು ಪದ್ಧತಿ. ಲೋಕಲ್ ರೈಲಿನ ಎಲ್ಲ ಗುಂಪುಗಳಲ್ಲೂ ಇಂಥದ್ದೇ ಒಂದು ಪದ್ಧತಿ ಇರುತ್ತದೆ. ಅದು ಇರುವುದರಿಂದಲೇ ಜನ ಹೊಡೆದಾಡದೆ ಆಫೀಸು ಮುಟ್ಟುತ್ತಾರೆ.

ಇದೆಲ್ಲ ನೆಟ್ಟಗೆ ನಡೆದದ್ದು ದೇಜಪ್ಪಣ್ಣ ಒಂದು ಅಯಸ್ಕಾಂತದ ಚೆಸ್ ಬೋರ್ಡು ತರುವವರೆಗೆ. ಕಾರ್ಕಳ ಕಡೆಯ ದೇಜಪ್ಪಣ್ಣ ಗುಂಪಿಗೆ ಹಿರಿಯರು, ಆದ್ದರಿಂದ ಕಾನೂನು ಮಾಡುವವರೂ ಅವರೇ. ಎದುರುಬದುರು ಕೂತ ಇಬ್ಬರು ಆಡಬೇಕು, ಸೋತವನು ಆ ಕ್ಷಣವೇ ಎದ್ದು ನಿಲ್ಲಬೇಕು, ಗೆದ್ದವನು ಕೊನೆಯವರೆಗೆ ಕಿಟಕಿಯ ಗಾಳಿ ತಿನ್ನಬಹುದು ಎಂದು ಸಾರಿದರು. ಯಂಕಪ್ಪ, ವಿಜಯಪುರದ ಅಂಬಾದಾಸ, ಉಡುಪಿಯ ಚೆನ್ನಯ ಮೂವರೂ ಬುದ್ಧಿವಂತರು. ನಮಗೆ ಆಟ ಬರುವುದಿಲ್ಲ ಎಂದು ಹೇಳಿ, ಸೋತವನ ಸೀಟಿಗೆ ಸರದಿ ಹಚ್ಚಿ ನಿಂತರು. ಸಣ್ಣವನಿದ್ದಾಗ ಚೆಸ್ ಆಡುತ್ತಿದ್ದೆ ಎಂದು ಎದೆ ಉಬ್ಬಿಸಿ ಮುಂದೆ ಬಂದವನು ತಾರಾನಾಥ ಒಬ್ಬನೇ. ಅಂದಿನಿಂದ ದಿನವೂ ಐರೋಲಿ ಬರುವುದರೊಳಗೆ ಸೋತು, ಬೇಲಾಪುರದವರೆಗೆ ನಿಂತುಕೊಂಡು ಬರುತ್ತಿದ್ದ.

ಡಾಕ್ಟರ ಮಾತು ಕೇಳಿದ ಮೇಲೆ ಅವನು ಥಾಣೆ ಸ್ಟೇಷನ್ನಿನ ಹೊರಗೆ ಒಂದು ಹಳೆಯ ಚೆಸ್ ಪುಸ್ತಕ ಕೊಂಡ. ರಾತ್ರಿ ಊಟವಾದ ಮೇಲೆ ಮನೆಯ ಕಂಪ್ಯೂಟರಿನ ಜೊತೆ, ಚಿಕ್ಕ ಮಕ್ಕಳ ಮಟ್ಟಕ್ಕೆ ಇಳಿಸಿಟ್ಟು ಆಡಿದ. ಅದೂ ಅವನನ್ನು ಸೋಲಿಸಿತು. ಹೆಂಡತಿ ಸ್ವರ್ಣಲತಾ ಮಾತ್ರ ಬೇಸರಿಸಲಿಲ್ಲ.

"ಸೋತರೆ ಸೋಲಿ. ಅದರ ಎದುರು ಕೂತಾದರೂ ಕೂತಿರುತ್ತೀರಲ್ಲ, ಕಾಲಿಗೆ ಒಳ್ಳೇದೇ" ಎಂದಳು.

ಹೀಗೆ ಎರಡು ತಿಂಗಳು ಕಳೆದು ಆ ಶುಕ್ರವಾರ ಬಂತು. ಮರುದಿನ ಡಾಕ್ಟರಿಗೆ ಕಾಲು ತೋರಿಸಬೇಕು. ಇವತ್ತಾದರೂ ಕುಳಿತೇ ಹೋಗುತ್ತೇನೆ ಎಂದು ತಾರಾನಾಥ ದೇವರಿಗೆ ಎರಡು ಊದುಬತ್ತಿ ಹೆಚ್ಚು ಹಚ್ಚಿ ಹೊರಟ.

ಡೊಂಬಿವಲಿಯ ರೈಲಿನಲ್ಲಿ ಅವನ ಮೂಗಿನ ಮುಂದೆಯೇ ಒಬ್ಬ ದಪ್ಪ ಮನುಷ್ಯನ ಬೆನ್ನು ಬಂತು. ಆ ಬೆನ್ನಿಗೆ ಚೌಕುಳಿಯ ಅಂಗಿ. ಬಿಳಿ ಚೌಕ, ನೀಲಿ ಚೌಕ. ತಾರಾನಾಥ ಮನಸ್ಸಿನಲ್ಲೇ ಆಟ ಹೂಡಿದ್ದ. ಬೆರಳು ಯಾವಾಗ ಅಂಗಿಯ ಮೇಲೆ ಇಳಿಯಿತೋ ಅವನಿಗೇ ತಿಳಿಯಲಿಲ್ಲ. ಕಾಲಾಳು ಎರಡು ಮನೆ ಮುಂದೆ ಹೋಯಿತು, ಕುದುರೆ ನೆಗೆಯಿತು, ಮಂತ್ರಿ ಓರೆಯಾಗಿ ಜಾರುತ್ತ ಜಾರುತ್ತ ಸೊಂಟದ ಹತ್ತಿರ ಪ್ಯಾಂಟಿನ ಹಿಂದಿನ ಜೇಬಿಗೆ ಬಂದು ನಿಂತಿತು.

ಆ ಜೇಬಿನಲ್ಲಿ ಪಾಕೀಟು ಇತ್ತು. ಮುಂದೆ ಏನಾಯಿತು ಎಂದು ವಿವರಿಸಬೇಕಾಗಿಲ್ಲ. ಕಾಲಿಡಲು ಜಾಗವಿಲ್ಲದ ಡಬ್ಬಿಯಲ್ಲಿ ಕೈ ಎತ್ತಲು ಎಲ್ಲರಿಗೂ ಜಾಗ ಸಿಕ್ಕಿತು. ಒಬ್ಬ ಕಾಲರು ಹಿಡಿದ, ಇನ್ನೊಬ್ಬ ಅಂಗಿ ಎಳೆದ, ಒಂದು ಗುಂಡಿ ಕಿತ್ತು ತಾರಾನಾಥನ ಕೈಗೇ ಬಂತು. ಅವನು ಹೆದರಿ ಚೀಲದಿಂದ ಚೆಸ್ ಪುಸ್ತಕ ತೆಗೆದು, ತನಗೆ ಬರುವ ಹಿಂದಿ ಮರಾಠಿ ಎಲ್ಲ ಸೇರಿಸಿ, ತಾನು ಕಳ್ಳನಲ್ಲ, ಬರೇ ದಡ್ಡ ಎಂದು ಅರ್ಥಮಾಡಿಸಿದ. ಯಾವ ಕಾಯಿ ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಅದೇ ಬೆನ್ನಿನ ಮೇಲೆ ಮೊದಲಿನಿಂದ ತೋರಿಸಬೇಕಾಯಿತು. ಚೌಕುಳಿ ಅಂಗಿಯವನು ಪೂರ್ತಿ ಕೇಳಿ, ಪಾಕೀಟಿನ ವಿಷಯ ಬಿಟ್ಟು ಬೇರೆಯದಕ್ಕೇ ಸಿಟ್ಟಾದ.

"ಅರೇ ಭಾಯಿ, ವಜೀರ್ ಕೋ ಇತ್ನೀ ಜಲ್ದೀ ಕ್ಯೋಂ ನಿಕಾಲಾ?"

ಮಂತ್ರಿಯನ್ನು ಇಷ್ಟು ಬೇಗ ಯಾಕೆ ಹೊರಗೆ ತಂದೆ ಎಂದು ಬೈದು, ಅವನನ್ನು ಮನೆಯಲ್ಲೇ ಕೂರಿಸು, ಎದುರಿನವನೇ ಆಸೆಬಿದ್ದು ಬರುತ್ತಾನೆ ಎಂದು ಥಾಣೆ ಬರುವವರೆಗೆ ಉಪದೇಶ ಮಾಡಿದ. ಕಾಲರು ಹಿಡಿದವನೂ ತಲೆಯಾಡಿಸಿದ. ಎರಡು ತಿಂಗಳು ಪುಸ್ತಕ ಓದಿ ತಲೆಗೆ ಹತ್ತದ್ದು ಆ ಹೊತ್ತಿನಲ್ಲಿ ಪೂರ್ತಿ ಹತ್ತಿತು.

ಪನವೇಲಿನ ರೈಲಿನಲ್ಲಿ ದೇಜಪ್ಪಣ್ಣ ಬೋರ್ಡು ಬಿಡಿಸಿಕೊಂಡು ಕಾದಿದ್ದರು. ಹರಿದ ಅಂಗಿ ನೋಡಿ, ಎಂತ ಮಾರಾಯ, ಆಟಕ್ಕೆ ಮೊದಲೇ ಸೋತು ಬಂದಿಯಾ ಎಂದು ನಕ್ಕರು. ಅಂಬಾದಾಸ ಆಗಲೇ ಚೀಲವನ್ನು ಹೆಗಲಿನಿಂದ ಇಳಿಸಿ, ತಾರಾನಾಥನ ಸೀಟಿಗೆ ಒರಗಿ ನಿಂತಿದ್ದ. ಇವತ್ತು ಸೋತವನ ಸೀಟಿನ ಸರದಿ ಅವನದು.

ಐರೋಲಿ ಬಂತು, ಹೋಯಿತು. ತಾರಾನಾಥ ಕೂತೇ ಇದ್ದ. ರಬಾಳೆಯೂ ಹೋಯಿತು. ಅಂಬಾದಾಸನಿಗೆ ಚಡಪಡಿಕೆ ಹತ್ತಿತು. ಕುದ್ರಿ ಹೊಡೀರಿ, ಮಂತ್ರಿ ಬಿಡ್ರಿ ಎಂದು ಕಿವಿಯಲ್ಲಿ ಒಂದೇ ಸಮನೆ ಸಲಹೆ ಕೊಡತೊಡಗಿದ. ಅದರಲ್ಲಿ ಯಾವುದನ್ನು ಆಡಿದರೂ ತಾರಾನಾಥ ಮುಂದಿನ ಸ್ಟೇಷನ್ನಿನೊಳಗೆ ಎದ್ದು ನಿಲ್ಲುವುದು ಖಂಡಿತವಿತ್ತು. ಆದರೆ ತಾರಾನಾಥನ ಮಂತ್ರಿ ಮನೆ ಬಿಟ್ಟು ಅಲ್ಲಾಡಲಿಲ್ಲ. ದೇಜಪ್ಪಣ್ಣನೇ ತಾಳ್ಮೆಗೆಟ್ಟು ತಮ್ಮ ಮಂತ್ರಿಯನ್ನೂ ಆನೆಗಳನ್ನೂ ದೂರ ಕಳಿಸಿ ಕಾಲಾಳುಗಳನ್ನು ತಿನ್ನತೊಡಗಿದರು.

ಕೋಪರಖೈರಣೆಯಲ್ಲಿ ಇಳಿಯುವವರ ನೂಕಾಟಕ್ಕೆ ಯಾರದೋ ಕೊಡೆ ಬೋರ್ಡಿಗೆ ತಾಗಿತು. ದೇಜಪ್ಪಣ್ಣನ ರಾಜನ ಮುಂದಿದ್ದ ಒಂದು ಕಾಲಾಳು ಹಾರಿ ಯಾರದೋ ಚೀಲದೊಳಗೆ ಬಿದ್ದು, ಅವರ ಜೊತೆಗೇ ಇಳಿದು ಹೋಯಿತು. ಕಾಲಾಳಿಗೆ ಬದಲಿ ಬೇಕಲ್ಲ. ತಾರಾನಾಥ ಜೇಬಿಗೆ ಹಾಕಿಕೊಂಡಿದ್ದ ಅಂಗಿಯ ಗುಂಡಿಯನ್ನೇ ಇಡುವುದೆಂದು ತೀರ್ಮಾನವಾಯಿತು. ಅದು ನಿಲ್ಲದೆ ಜಾರಿದಾಗ ಚೆನ್ನಯ ತಾನು ಜಗಿಯುತ್ತಿದ್ದ ಚ್ಯೂಯಿಂಗ್ ಗಮ್ಮಿನ ಚೂರನ್ನು ದಾನಮಾಡಿ ಅಂಟಿಸಿದ. ಯಾರಿಗೂ ಹೇಸಿಗೆಯೆನಿಸಲಿಲ್ಲ, ಆಟ ಅಷ್ಟು ಬಿಸಿಯೇರಿತ್ತು.

ಜುಯಿನಗರ ದಾಟಿದ ಮೇಲೆ ತಾರಾನಾಥನಿಗೆ ಬೋರ್ಡಿನಲ್ಲಿ ಏನೋ ಕಂಡಿತು. ಬದುಕಿನಲ್ಲಿ ಮೊದಲ ಸಲ ಹೀಗೆ ಕಂಡದ್ದು. ದೇಜಪ್ಪಣ್ಣನ ಆನೆಗಳೆರಡೂ ದೂರ, ರಾಜ ಕೊನೆಯ ಸಾಲಿನಲ್ಲಿ ಒಬ್ಬನೇ, ಮುಂದೆ ತನ್ನದೇ ಕಾಲಾಳುಗಳ ಗೋಡೆ. ತನ್ನ ಆನೆಯನ್ನು ನೇರ ಆ ಸಾಲಿಗೆ ನೂಕಿ, ಮೆಲ್ಲಗೆ ಚೆಕ್ ಎಂದ.

ದೇಜಪ್ಪಣ್ಣ ಸಲೀಸಾಗಿ ರಾಜನನ್ನು ಎತ್ತಿ ಮುಂದೆ ಇಡಹೋದರು. ಬೆರಳು ಅಂಟಿತು.

"ಇಲ್ಲಿ ಎಂತದು ಇದು, ಗುಂಡಿ?"

"ಗುಂಡಿ ಅಲ್ಲ ದೇಜಪ್ಪಣ್ಣ, ನಿಮ್ಮದೇ ಕಾಲಾಳು" ಎಂದ ತಾರಾನಾಥ.

ಯಂಕಪ್ಪ ಬಗ್ಗಿ ನೋಡಿದ. ಆಟ ಬರುವುದಿಲ್ಲ ಎನ್ನುತ್ತಿದ್ದವನು ತಿಂಗಳುಗಟ್ಟಲೆ ನಿಂತು ನೋಡಿ ಅಷ್ಟಿಷ್ಟು ಕಲಿತಿದ್ದ. "ಚೆಕ್ ಅಲ್ರಿ ಇದು. ಸಾಹೇಬ್ರು ಮೇಟ್ ಆಗ್ಯಾರ" ಎಂದ.

ದೇಜಪ್ಪಣ್ಣ ಎದ್ದು ನಿಂತರು. ತಾರಾನಾಥ ನೆರೂಲಿನಿಂದ ಬೇಲಾಪುರದವರೆಗೆ ಕಿಟಕಿಯ ಪಕ್ಕ ಕಾಲು ಚಾಚಿ ಕೂತ. ಸೀವುಡ್ಸಿನ ಗಾಳಿ ಮುಖಕ್ಕೆ ಬಡಿದಾಗ ಅವನಿಗೆ ಕಣ್ಣಲ್ಲಿ ನೀರೇ ಬಂತು. ಇಷ್ಟು ದಿನದ ಸೋಲೆಲ್ಲ ಆ ಎರಡು ಸ್ಟೇಷನ್ನಿನಲ್ಲಿ ತೀರಿಹೋಯಿತು. ಆ ದಿನ ಆಫೀಸಿನಲ್ಲಿ ಅವನು ಮಾಡಿದ ಕೆಲಸ ಅಷ್ಟಕ್ಕಷ್ಟೆ.

ಸಂಜೆ ಬೇಲಾಪುರಕ್ಕೆ ಬಂದ ರೈಲಿನಲ್ಲಿ ಯಂಕಪ್ಪ ಪನವೇಲಿನಿಂದಲೇ ಎರಡರ ಬದಲು ನಾಲ್ಕು ಕರವಸ್ತ್ರ ಹಾಸಿಕೊಂಡು ಬಂದಿದ್ದ. ಈ ಬದಿಯ ಕಿಟಕಿಗೆ ಎರಡು, ಆ ಬದಿಯ ಕಿಟಕಿಗೆ ಎರಡು. ಅಂಬಾದಾಸ ಮಧ್ಯಾಹ್ನ ಹೋಗಿ ಇನ್ನೊಂದು ಬೋರ್ಡು ಕೊಂಡುತಂದಿದ್ದ. ತಾರಾನಾಥನೇ ಗೆಲ್ಲುವುದಾದರೆ ನಮಗೇನು ರೋಗ ಎಂದು ಎಲ್ಲರಿಗೂ ಧೈರ್ಯ ಬಂದಿತ್ತು. ದೇಜಪ್ಪಣ್ಣನನ್ನೇ ಸೋಲಿಸಿದವನ ಜೊತೆ ಇನ್ನು ನಾವು ಆಡುವುದು ಸರಿಯಲ್ಲ, ಅವನು ನಮಗೆ ಹೇಳಿಕೊಡಲಿ ಎಂದು, ಬೆಳಿಗ್ಗೆ ತಾರಾನಾಥ ಇಳಿದು ಹೋದ ಮೇಲೆ ನಾಲ್ವರೂ ಒಮ್ಮತದಿಂದ ನಿಶ್ಚಯಿಸಿದ್ದರು.

"ಗುರುಗಳು ಕಿಟಕಿಯಲ್ಲಿ ಕೂತ್ಕೊಳ್ಳಲಿ" ಎಂದು ದೇಜಪ್ಪಣ್ಣ ತಾವೇ ಕರವಸ್ತ್ರ ಎತ್ತಿ ಸೀಟು ಒರೆಸಿಕೊಟ್ಟರು.

ತಾರಾನಾಥ ಸಂಕೋಚದಿಂದ ಕೂತ. ಕೂತನೋ ಇಲ್ಲವೋ, ಆ ಬದಿಯ ಕಿಟಕಿಯಿಂದ ಯಂಕಪ್ಪ ಕರೆದ, ಒಂಟೆ ಹ್ಯಾಂಗ ನಡೀತದ ತೋರಿಸ್ರಿ ಎಂದು. ಎದ್ದು, ಜನರನ್ನು ಸರಿಸಿಕೊಂಡು ಹೋಗಿ ತೋರಿಸಿ ಬಂದ. ಕೂತ. ಅಂಬಾದಾಸ ಕರೆದ. ಎದ್ದ. ನೆರೂಲ್ ಬರುವುದರೊಳಗೆ ಎಷ್ಟು ಸಲ ಎದ್ದು ಕೂತನೆಂದರೆ ಮೊಣಕಾಲು ಪ್ರತಿ ಸಲವೂ ಕಟಕ್ ಎಂದು ಲೆಕ್ಕ ಇಟ್ಟಿತು. ಕಡೆಗೆ ಅವನ ಅವಸ್ಥೆ ನೋಡಲಾಗದೆ ದೇಜಪ್ಪಣ್ಣನೇ ಒಂದು ದಾರಿ ಹುಡುಕಿದರು.

"ಹೀಗೆ ಎದ್ದು ಕೂತು ಮಾಡಿದರೆ ನಿನ್ನ ಕಾಲು ಹೋದೀತು ಮಾರಾಯ. ನಡುವಿನಲ್ಲಿ ನಿಂತುಬಿಡು, ಎರಡೂ ಬೋರ್ಡು ಚಂದ ಕಾಣ್ತದೆ."

ಖಾಲಿಯಾದ ಸೀಟು ವ್ಯರ್ಥವಾಗಬಾರದೆಂದು ಅಲ್ಲಿ ಅವರೇ ಕೂತು, ಚೆನ್ನಯನ ಎದುರು ಕಾಯಿ ಜೋಡಿಸಿದರು. ಗುರುಗಳು ನೋಡಿ ಕಲಿಸುವ ಆಟದಲ್ಲಿ ಸೋತವನು ಏಳಬೇಕಾಗಿಲ್ಲ ಎಂದು ಆಗಲೇ ಇನ್ನೊಂದು ಕಾನೂನನ್ನೂ ಮಾಡಿದರು. ಗಾಳಿಗೆ ಮುಖವೊಡ್ಡಿ, ಸೋತರೆ ಇಷ್ಟು ಆರಾಮ ಅಂತ ಗೊತ್ತಿದ್ದರೆ ನಾನು ಯಾವತ್ತೋ ಸೋಲುತ್ತಿದ್ದೆ ಎಂದರು. ಅದರಲ್ಲಿ ಕುಹಕವೇನೂ ಇರಲಿಲ್ಲ. ಅದೇ ತಾರಾನಾಥನಿಗೆ ಹೆಚ್ಚು ಉರಿಯಿತು.

ಮನೆಗೆ ಬಂದವನ ಕಾಲು ನೋಡಿ ಸ್ವರ್ಣಲತಾ ಬಿಸಿನೀರಿನ ಚೀಲ ತಂದಳು. ಗೆದ್ದಿರಾ ಎಂದು ಕೇಳಿದಳು. ಗೆದ್ದೆ ಎಂದ. ಹಾಗಾದರೆ ಕಾಲು ಯಾಕೆ ಹೀಗೆ ಊದಿದೆ ಎಂದಾಗ ನಡೆದದ್ದನ್ನೆಲ್ಲ ಹೇಳಿದ.

"ಅಷ್ಟೇ ಅಲ್ವಾ? ಸೋಮವಾರ ಸೋತುಬಿಡಿ. ಮೊದಲಿನ ಹಾಗೇ ಆಗ್ತದೆ" ಎಂದಳು ಅವಳು.

ತಾರಾನಾಥ ಬಿಸಿನೀರಿನ ಚೀಲವನ್ನು ಮೊಣಕಾಲಿಗೆ ಒತ್ತಿ ಹಿಡಿದ. "ಗುರುವಿನ ಜೊತೆ ಯಾರೂ ಆಡುವುದಿಲ್ಲವಂತೆ" ಎಂದ. "ಸೋಲುವಾಗ ಐರೋಲಿಯವರೆಗಾದರೂ ಕೂರ್ತಿದ್ದೆ."