ಗಾಡಿಗೆ ಮೊದಲ ಭಜಿ

ಹೆಂಡತಿಗೆ ಸುಳ್ಳು ಹೇಳುವ ಗಂಡಂದಿರು ಮೂರು ಲೋಕದಲ್ಲೂ ಇದ್ದಾರೆ. ಆದರೆ ಆ ಕೆಲಸಕ್ಕೆ ಪಿಕಪ್ ಗಾಡಿಯನ್ನು ಪಾಲುದಾರ ಮಾಡಿಕೊಂಡವನು ಬೈಲಹೊಂಗಲದ ಮಡಿವಾಳೆಪ್ಪ ಒಬ್ಬನೇ ಇರಬೇಕು. ಅದರ ಫಲವನ್ನು ಅವನು ಇವತ್ತಿಗೂ ಉಣ್ಣುತ್ತಿದ್ದಾನೆ (ಎಣ್ಣೆಯಿಲ್ಲದೆ).

ಗಾಡಿಗೆ ಹದಿನೈದು ವರ್ಷ. ವಾರಕ್ಕೆರಡು ಸಲ ಕಿರಾಣಿ ಸಾಮಾನು ಹೇರಿಕೊಂಡು ಸವದತ್ತಿ, ಹೂಲಿ, ಕಟಕೋಳದ ಮೇಲೆ ರಾಮದುರ್ಗಕ್ಕೆ ಹೋಗಿ ಬರುವುದು ಅವನ ದಂಧೆ. ಮೂರು ವರ್ಷದ ಹಿಂದೆ ಎದೆನೋವು ಬಂದು ಡಾಕ್ಟರು ಕರಿದ ಪದಾರ್ಥ ಬಂದ್ ಮಾಡಿದರು. ಅಂದಿನಿಂದ ಹೆಂಡತಿ ತಂಗೆವ್ವ ತನ್ನ ತಮ್ಮ ಶ್ರೀಶೈಲನನ್ನು ಜೊತೆಗೆ ಕಳಿಸತೊಡಗಿದಳು. ಹೆಸರಿಗೆ ಚೀಲ ಇಳಿಸಲು, ನಿಜದಲ್ಲಿ ಭಾವ ಎಲ್ಲಿ ಏನು ತಿಂದ ಎಂಬ ವರದಿ ಒಪ್ಪಿಸಲು.

ಮಡಿವಾಳೆಪ್ಪನೇನು ಕಡಿಮೆಯೇ? ಹೂಲಿ ದಾಟಿದ ಮೇಲೆ ಒಂದು ತಿರುವಿನಲ್ಲಿ ಮುದಿ ಹುಣಸೆಮರ. ಅದರ ಹಿಂದೆ, ರಸ್ತೆಗೆ ಕಾಣದ ಹಾಗೆ, ಮುದಕವ್ವನ ಭಜಿ ಅಂಗಡಿ. ಕಳ್ಳರು ಗಾಡಿ ಒಯ್ಯಬಾರದೆಂದು ಹಾಕಿಸಿದ್ದ ಗುಟ್ಟಿನ ಸ್ವಿಚ್ಚೊಂದು ಸ್ಟೇರಿಂಗಿನ ಕೆಳಗಿತ್ತು. ಮರ ಬಂದಕೂಡಲೇ ಅದನ್ನು ಒತ್ತುತ್ತಿದ್ದ. ಇಂಜಿನ್ ನಿಲ್ಲುತ್ತಿತ್ತು. ಶ್ರೀಶೈಲನ ಕೈಗೆ ಕ್ಯಾನು ಕೊಟ್ಟು ದೂರದ ಬೋರ್‌ವೆಲ್ಲಿಗೆ ನೀರಿಗೆ ಅಟ್ಟಿ, ಮನೆಗೆ ಫೋನು ಹಚ್ಚಿ "ಗಾಡಿ ಕೆಟ್ಟೈತಿ, ತಡಾ ಆಗತೈತಿ" ಎಂದು ನರಳಿ, ಬಿಸಿ ಮಿರ್ಚಿ ಭಜಿಗೆ ಕೈ ಹಾಕುತ್ತಿದ್ದ. ಆದರೂ ಒಂದು ಅಂಜಿಕೆ. ಪಾಪ ಹಂಚಿಕೊಂಡರೆ ಹಗುರ ಎಂದು ಮೊದಲ ಭಜಿಯನ್ನು ಬಾನೆಟ್ಟಿನ ಮೇಲೆ ಗಾಡಿಗೆ ಎಡೆ ಇಡುತ್ತಿದ್ದ. ತಿರುಗಿ ನೋಡುವಷ್ಟರಲ್ಲಿ ಅದು ಮಾಯ. ಕಾಗೆ ಒಯ್ದಿರಬೇಕು ಎಂದುಕೊಳ್ಳುತ್ತಿದ್ದ. (ಆ ಮರದ ಮೇಲೆ ಒಂದು ಕಾಗೆಯೂ ಕೂತದ್ದನ್ನು ಅವನು ನೋಡಿರಲಿಲ್ಲ.)

ಒಂದು ದಿನ ತಂಗೆವ್ವ ರೊಟ್ಟಿ ಬಡಿಯುತ್ತ ಮಾತು ತೆಗೆದಳು.

"ವಾರಕ್ಕೆರಡ ಸಲ ಕೆಡೂ ಗಾಡಿ ಯಾಕ ಬೇಕ್ರಿ? ಕೊಟ್ಟ ಬಿಡ್ರಿ. ಹೊಸಾದು ತಗೊಳ್ಳೂಣು."

"ಹುಚ್ಚಿ, ಇಂಜಿನ್ ಬಿಚ್ಚಿ ಬೋರ್ ಹೊಡಿಸಿ ಬಣ್ಣಾ ಬಡದ್ರ ಇನ್ನೂ ಹತ್ತ ವರ್ಷ ದುಡೀತೈತಿ."

"ಹೊಸಾ ಗಾಡಿ ಎಲ್ಲಿ ನಿಂತೈತಿ, ಎಷ್ಟೊತ್ತ ನಿಂತೈತಿ, ಎಲ್ಲಾ ಮನ್ಯಾಗ ಕುಂತ ಮೊಬೈಲ್‌ನ್ಯಾಗ ನೋಡಬಹುದಂತ."

ಹೊಸ ಗಾಡಿ ಬಂದರೆ ಭಜಿಯ ಕಥೆ ಮುಗಿದಂತೆಯೇ. ಮಡಿವಾಳೆಪ್ಪ ಹಳೆಯ ಗಾಡಿಯ ಪರವಾಗಿ ವಕೀಲರೂ ನಾಚುವಂತೆ ವಾದಿಸಿದ. ಕೊನೆಗೆ ತಂಗೆವ್ವ ತೀರ್ಪು ಕೊಟ್ಟಳು: "ಗುರುವಾರ ತಮ್ಮ ಬ್ಯಾಡ, ನಾನ ಬರತೇನಿ. ರಾಮದುರ್ಗ ಮುಟ್ಟೂತನಕ ಎಲ್ಲೂ ನಿಲ್ಲಲಿಲ್ಲಂದ್ರ ಬೋರ್ ಹೊಡಸ್ರಿ. ನಿಂತ್ರ ಹೊಸಾದು."

ಅಂದು ಅಪ್ಪಿತಪ್ಪಿಯೂ ಕೈ ಸ್ವಿಚ್ಚಿಗೆ ಹೋಗಬಾರದಲ್ಲ. ಬುಧವಾರವೇ ಅದನ್ನು ಕಿತ್ತುಹಾಕಿಸಲು ಮೇಸ್ತ್ರಿ ರಹಿಮಾನಸಾಬನ ಗ್ಯಾರೇಜಿಗೆ ಹೋದ. ರಹಿಮಾನಸಾಬ ಸ್ಟೇರಿಂಗಿನ ಕೆಳಗೆ ಟಾರ್ಚು ಬಿಟ್ಟು ನಕ್ಕ.

"ಇದೇನ ಕಿತ್ತಬೇಕ ಮಡಿವಾಳೆಪ್ಪಣ್ಣಾ? ಇದರ ವಾಯರ್ ಇಲಿ ಕಡದ ಎರಡ ವರ್ಷಾತು. ಅವಾಗ ನಾನ ಕತ್ತರಿಸಿ ಒಗದೇನಿ. ಬರೇ ಗುಂಡಿ ಉಳದೈತಿ ನೋಡು."

"ಎರಡ ವರ್ಷ?"

"ಹೌದ. ನಿನಗ ಹೇಳಿದ್ನಲ್ಲ, ನೀ ಲಕ್ಷ್ಯ ಕೊಡಲಿಲ್ಲ."

ಮಡಿವಾಳೆಪ್ಪ ಬಗ್ಗಿ ಆ ಸತ್ತ ಗುಂಡಿಯನ್ನು ತಾನೇ ಒತ್ತಿ ನೋಡಿದ. ಹೋದ ಸೋಮವಾರವೂ ಆ ಸ್ವಿಚ್ಚು ಒತ್ತಿದ್ದ. ಹೋದ ಸೋಮವಾರವೂ ಗಾಡಿ ನಿಂತಿತ್ತು. ಎರಡು ವರ್ಷದಿಂದ ಅದು ನಿಂತದ್ದು ಯಾರ ಮಾತಿಗೆ?

ಗುರುವಾರ ತಂಗೆವ್ವ ಪಕ್ಕದಲ್ಲಿ ಕೂತಳು. ಸವದತ್ತಿಯವರೆಗೆ ಗಾಡಿ ಹೊಸ ಮದುಮಗಳಂತೆ ನಡೆಯಿತು. ಹೂಲಿಯೂ ದಾಟಿತು. ನೆತ್ತಿಯ ಮೇಲೆ ಸೂರ್ಯ, ರಸ್ತೆಯ ಮೇಲೆ ಒಂದು ನರಪಿಳ್ಳೆಯೂ ಇಲ್ಲ. ದೂರದಲ್ಲಿ ಹುಣಸೆಮರ ಕಂಡಿತು. ಸುತ್ತ ಗಾಳಿಯಿಲ್ಲ, ಆದರೂ ಅದರ ಎಲೆಗಳು ಅಲುಗುತ್ತಿದ್ದವು. ಮಡಿವಾಳೆಪ್ಪ ಎರಡೂ ಕೈಯಲ್ಲಿ ಸ್ಟೇರಿಂಗ್ ಬಿಗಿಹಿಡಿದು, ಎಲ್ಲಮ್ಮನನ್ನು ನೆನೆದು, ಎಕ್ಸಲರೇಟರ್ ಒತ್ತಿದ. ಗಾಡಿ ಉಸಿರು ಬಿಟ್ಟಿತು. ನಿಧಾನವಾಗಿ ತಾನೇ ಎಡಕ್ಕೆ ಹೊರಳಿತು. ಸರಿಯಾಗಿ ಮರದ ನೆರಳಿನಲ್ಲಿ ನಿಂತಿತು.

ಸದ್ದಿಲ್ಲ. ಮರದ ಹಿಂದೆ ಎಲ್ಲೋ ಎಣ್ಣೆ ಮಾತ್ರ ಚೊಂಯ್ ಎನ್ನುತ್ತಿತ್ತು.

"ಗಾಡಿ ಕೆಟ್ಟ..." ಎಂದು ಮಡಿವಾಳೆಪ್ಪ ಶುರುಮಾಡುವಷ್ಟರಲ್ಲಿ ಮುದಕವ್ವ ತಟ್ಟೆ ಹಿಡಿದು ಬಂದಳು. ಅವರ ಕಡೆ ನೋಡದೆ ಒಂದು ಭಜಿ ತೆಗೆದು ಬಾನೆಟ್ಟಿನ ಮೇಲಿಟ್ಟಳು. ಆಮೇಲೆ ತಟ್ಟೆಯನ್ನು ಕಿಟಕಿಯೊಳಗೆ ಚಾಚಿದಳು.

"ತಗೋ ಯಪ್ಪಾ, ನಿನ್ನ ಮೂರು. ಮುಂಜಾನಿಂದ ಗಾಡಿ ಹಾರ್ನ್ ಕೇಳಾಕ ಹತ್ತಿತ್ತ. ಅದಕ್ಕ ಎಣ್ಣಿ ಕಾಸಿ ಕುಂತಿದ್ನಿ."

ಮುಂಜಾನೆ ಗಾಡಿ ಇದ್ದದ್ದು ಬೈಲಹೊಂಗಲದ ಮನೆಯ ಮುಂದೆ, ಕೀಲಿ ತಂಗೆವ್ವನ ಸೊಂಟದಲ್ಲಿ.

ತಂಗೆವ್ವ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಗಾಡಿ ಕೆಟ್ಟೈತಿ ಅಂತ ನೀವು ಫೋನ್ ಮಾಡಿದಾಗೆಲ್ಲಾ, ನೀವು ಮನಿ ಮುಟ್ಟೂತನಕ ನಾ ಒಂದ ತುತ್ತ ಬಾಯಾಗ ಇಟ್ಟಿಲ್ರಿ," ಎಂದಳು. "ದಾರ್ಯಾಗ ಎದಿ ಹಿಡಕೊಂಡ ಕುಂತಾರೋ ಏನೋ ಅಂತ."

ಮಡಿವಾಳೆಪ್ಪನಿಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ಮೂರು ವರ್ಷದ ಭಜಿಯೆಲ್ಲ ಒಮ್ಮೆಗೇ ಗಂಟಲಿಗೆ ಬಂದಂತಾಯಿತು. ತಂಗೆವ್ವ ತಟ್ಟೆ ಕಸಿದುಕೊಂಡು, ಅಷ್ಟೂ ಉಪವಾಸದ ಬಾಬ್ತು ಎಂಬಂತೆ ಮೂರೂ ಭಜಿಯನ್ನು ತಾನೇ ತಿಂದಳು. ಬಾನೆಟ್ಟಿನ ಮೇಲಿನದು ಆಗಲೇ ಮಾಯವಾಗಿತ್ತು. ಅವಳು ಸೆರಗಿನಿಂದ ಕೈ ಒರೆಸಿಕೊಂಡು ಗಾಡಿಯನ್ನು ತಟ್ಟಿ, "ನಡಿ ಯವ್ವಾ" ಎಂದಳು. ಮಡಿವಾಳೆಪ್ಪನ ಕೈ ಇನ್ನೂ ಕೀಲಿಗೆ ಮುಟ್ಟಿರಲಿಲ್ಲ. ಇಂಜಿನ್ ಚಾಲೂ ಆಯಿತು.

"ಹೊಸಾದು ಬ್ಯಾಡ," ಎಂದು ರಾಮದುರ್ಗದಲ್ಲಿ ತಂಗೆವ್ವ ತೀರ್ಪು ಬದಲಿಸಿದಳು. "ಬೋರ್ ಹೊಡಸ್ರಿ, ಬಣ್ಣಾ ಬಡಸ್ರಿ. ನಮ್ಮ ಮನ್ಯಾಗ ಖರೇ ಹೇಳೂದು ಇದೊಂದ ಐತಿ."

ಹೀಗೆ ಮಡಿವಾಳೆಪ್ಪ ಗೆದ್ದ.

ಬಣ್ಣ ಬಡಿಸಿಕೊಂಡು ಬಂದ ಗಾಡಿಗೆ ಅಮಾವಾಸ್ಯೆಯ ಬೆಳಿಗ್ಗೆ ಪೂಜೆ. ತಂಗೆವ್ವ ತಾನೇ ಕರಿದ ಐದು ಮಿರ್ಚಿ ಭಜಿಯ ತಟ್ಟೆಯನ್ನು ಬಾನೆಟ್ಟಿನ ಮೇಲಿಟ್ಟು ಕರ್ಪೂರ ತರಲು ಒಳಗೆ ಹೋದಳು. ಮಡಿವಾಳೆಪ್ಪ ಊದಿನಕಡ್ಡಿ ಹಿಡಿದು, ಭಜಿಯ ಕಡೆ ನೋಡಲೂ ಬಾರದೆಂದು ಕಣ್ಣು ಮುಚ್ಚಿ ನಿಂತ. ತೆರೆದಾಗ ತಟ್ಟೆ ಖಾಲಿ. ತಂಗೆವ್ವ ಹೊಸ್ತಿಲಲ್ಲಿ.

"ನಾ ಮುಟ್ಟಿಲ್ಲ, ನಿನ್ನಾಣಿ," ಎಂದ. ಮೂರು ವರ್ಷದಲ್ಲಿ ಅವನು ಹೇಳಿದ ಮೊದಲ ಸತ್ಯ.

ತಂಗೆವ್ವ ಅವನ ಮುಖ ನೋಡಲೇ ಇಲ್ಲ. ಗಾಡಿಯ ಮುಂದೆ ನಿಂತು, "ನೀ ಹೇಳ ಯವ್ವಾ, ಯಾರ ತಿಂದ್ರು?" ಎಂದು ಕೇಳಿದಳು.

ಗಾಡಿಯ ವೈಪರ್ ಮೆಲ್ಲಗೆ ಮೇಲೆದ್ದಿತು. ಗಾಜಿನ ಮೇಲೆ ಕರಕರ ಜಾರಿ, ನೇರ ಮಡಿವಾಳೆಪ್ಪನ ಕಡೆ ಬೆರಳು ತೋರಿ ನಿಂತಿತು.

ಸಹವಾಸದಿಂದ ಸನ್ಯಾಸಿ ಕೆಟ್ಟ ಅನ್ನುತ್ತಾರೆ. ಹದಿನೈದು ವರ್ಷ ಅವನ ಜೊತೆಗಿದ್ದ ಗಾಡಿ ಸುಳ್ಳು ಹೇಳುವುದನ್ನು ಕಲಿತಿತ್ತು.