ಸೂರ್ಯಕಾಂತರ ಬೇವಿನ ಬಸವಣ್ಣ

ಕುಷಾಯಿಗೂಡದ ಕಾಲೊನಿಯೊಂದರ ಸೂರ್ಯಕಾಂತರಿಗೆ ಕಲೆ ಒಲಿದದ್ದು ಸ್ವಯಂನಿವೃತ್ತಿಯ ನಂತರ. ಅದೂ ಭಯಂಕರ ಸದ್ದಿನೊಂದಿಗೆ. ಉಳಿದ ಶಿಲ್ಪಿಗಳು ಉಳಿ ಹಿಡಿದರೆ ಇವರು ಹಿಡಿದದ್ದು ಪೆಟ್ರೋಲ್ ಕುಡಿಯುವ ಯಂತ್ರಗರಗಸ. ಕೊಡಿಸಿದವರು ಹೆಂಡತಿ ಅನುರಾಧಾ. ("ಮನ್ಯಾಗ ಕುಂತು ನನ್ನ ಒಗ್ಗರಣ್ಯಾಗ ತಪ್ಪು ಹುಡುಕೂದಕ್ಕಿಂತ ಇದು ಚೊಲೋ" ಎಂಬುದು ಆ ಮಹಾತಾಯಿಯ ದೂರದೃಷ್ಟಿ.)

ಸೂರ್ಯಕಾಂತರದೊಂದು ವ್ರತವಿತ್ತು: ನಿಂತ ಮರಕ್ಕೆ ಗರಗಸ ತಾಗಿಸಕೂಡದು. ಗಾಜಿನ ಮೈಯ ಕಂಪ್ಯೂಟರ್ ಕಂಪನಿಗಳು ಎದ್ದಂತೆಲ್ಲ ರಸ್ತೆಗಳು ಅಗಲವಾಗಿ ಮರಗಳು ಉರುಳುತ್ತಿದ್ದವು. ಹಾಗೆ ಉರುಳಿ ಒಲೆಗೆ ಹೊರಟಿದ್ದ ಬೇವಿನ ಬೊಡ್ಡೆಯೊಂದನ್ನು ಅಂಗಳಕ್ಕೆ ತರಿಸಿದರು. ಉದುರಿದ ಹೊಟ್ಟು ಕೂಡ ವ್ಯರ್ಥವಾಗದೆ ಕರಿಬೇವಿನ ಬುಡ ಸೇರುತ್ತಿತ್ತು (ಗಾಳಿ ಬೀಸಿದರೆ ಅಡಿಗೆಮನೆಯ ಸಾರನ್ನು). ಇಷ್ಟು ವರ್ಷ ತಮ್ಮನ್ನು ಸಹಿಸಿಕೊಂಡ ಅನುರಾಧಾರ ಮೂರ್ತಿಯನ್ನೇ ಅದರಲ್ಲಿ ಅರಳಿಸಿ ಋಣ ತೀರಿಸುವುದು ಅವರ ಗುಪ್ತ ಸಂಕಲ್ಪ.

ಕಲೆ ಮುಂದುವರಿದಂತೆ ಅನುರಾಧಾ ಹಿಂದುಳಿದರು. ಗರಗಸ ಜಾರಿ ಮೂಗು ಮೋರೆಯನ್ನೆಲ್ಲ ಆಕ್ರಮಿಸಿತು; ತುರುಬು ಇಳಿದು ಬೆನ್ನೇರಿ ಕೂತಿತು. ಅನುರಾಧಾರ ಚಸ್ಮಾ ಮಾತ್ರ ಅಚ್ಚುಕಟ್ಟಾಗಿ ಮೂಡಿತು.

ಅಷ್ಟರಲ್ಲಿ ಕಾಲೊನಿ ಸಂಘದ ಅಧ್ಯಕ್ಷ ಲಿಂಗಣ್ಣ ಕಿವಿಗೆ ಹತ್ತಿ ತುರುಕಿಕೊಂಡೇ ಬಂದರು. ಹಿಂದೆ ಪಕ್ಕದ ಮನೆಯ ಗಿರಿಜಾಬಾಯಿ. ಲಿಂಗಣ್ಣ ಗುಡುಗಿದರು:

"ರಾತ್ರಿ ಪಾಳಿ ಮಾಡೋ ಹುಡುಗರು ಹಗಲ ಮಲಗಬೇಕೋ ಬ್ಯಾಡೋ, ಸೂರ್ಯಕಾಂತರ? ಇವತ್ತಿಂದ ಗರಗಸ ಬಂದ್! ಅಷ್ಟಕ್ಕೂ ಇದೇನ್ರಿ, ಮನಷ್ಯಾನೋ ದನಾನೋ?"

ಸೂರ್ಯಕಾಂತರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಏನೂ ಅಲ್ಲವೆಂದರೆ ಗರಗಸ ಹೋಗುತ್ತದೆ. ಹೆಂಡತಿ ಎಂದರೆ ಊಟ ಹೋಗುತ್ತದೆ.

ಸದ್ದಿಗೆ ಅನುರಾಧಾ ಹೊರಬಂದರು. ಮೂರ್ತಿಯನ್ನೊಮ್ಮೆ, ಗಂಡನ ಮುಖವನ್ನೊಮ್ಮೆ ನೋಡಿದರು. ತಟ್ಟನೆ ಒಳಗೆ ಹೋಗಿ ವಿಭೂತಿ ತಂದು, ಮೂರ್ತಿಯ ಚಸ್ಮಾದ ಮೇಲೆ ದಪ್ಪಗೆ ಬಳಿದರು.

"ಅಯ್ಯ, ಬಸವಣ್ಣನ ಗುರ್ತ ಹಿಡೀಲಿಲ್ಲೇನ್ರಿ ಲಿಂಗಣ್ಣಾರ? ಬೆನ್ನ ಮ್ಯಾಲಿನ ಡುಬ್ಬ ನೋಡ್ರಿ!"

ಗಿರಿಜಾಬಾಯಿ ಚಪ್ಪಲಿ ಬಿಟ್ಟು ಕೈಮುಗಿದರು. "ಎಷ್ಟ ಶಾಂತ ಮಾರಿ ಐತ್ರೀ!"

ಲಿಂಗಣ್ಣ ಕಿವಿಯ ಹತ್ತಿ ತೆಗೆದರು. "ದೇವರ ಕೆಲಸ ಅಂತ ಮೊದಲ ಹೇಳಬಾರದೇನ್ರಿ? ಹುಡುಗರು ಎದ್ದ ಮ್ಯಾಲ, ಸಂಜಿಮುಂದ ನಡಸ್ರಿ."

ಅವರು ಹೋದ ಮೇಲೆ ಸೂರ್ಯಕಾಂತರ ಕಣ್ಣು ತುಂಬಿತು. ಗರಗಸವೂ ಉಳಿಯಿತು, ಗುಟ್ಟೂ ಉಳಿಯಿತು!

"ನೀ ಇರಲಿಲ್ಲಂದ್ರ ನನ್ನ ಕಲಾ ಇವತ್ತ..."

"ಕಲಾ ಇರ್ಲಿ. ದೇವರು ಬಂದ ಮ್ಯಾಲ ದಿನಾ ಪೂಜಿ ಆಗಬೇಕು. ಮುಂಜಾನೆ ಜಳಕಾ ಮಾಡಿ, ಹೂ ಏರಿಸಿ, ಪ್ರದಕ್ಷಿಣಿ ಹಾಕ್ರಿ."

"ನಾನ?"

"ಮತ್ತ? ಕೆತ್ತಿದವರ ನೀವು." ಅನುರಾಧಾ ತಮ್ಮ ಚಸ್ಮಾ ತೆಗೆದು ಸೆರಗಿನಿಂದ ಒರೆಸಿ, ಮತ್ತೆ ಮೂಗಿಗೇರಿಸಿದರು. "ಇಷ್ಟ ವರ್ಷದಾಗ ನೀವು ನನಗೊಮ್ಮೆರೆ ಕೈ ಮುಗಿದೀರೇನು? ಈಗ ಶುರು ಮಾಡ್ರಿ."

ಮರುದಿನ ಮುಂಜಾನೆ ಒದ್ದೆ ಪಂಚೆಯಲ್ಲಿ ನಡುಗುತ್ತ ಬೊಡ್ಡೆ ಸುತ್ತುತ್ತಿದ್ದ ಸೂರ್ಯಕಾಂತರನ್ನು ಕಂಡು ಗಿರಿಜಾಬಾಯಿ, "ಏನ್ ಭಕ್ತಿ ರೀ!" ಎಂದು ಬೆರಗಾದರು. ಅಡಿಗೆಮನೆಯ ಕಿಟಕಿಯಲ್ಲಿ ಚಸ್ಮಾ ತೊಟ್ಟ ನಿಜವಾದ ಬಸವಣ್ಣ ರೊಟ್ಟಿ ತಟ್ಟುತ್ತ ನಕ್ಕಿತು.