ಅತ್ತೆಯ ಐದು ಬಟನ್ನು

ನಮ್ಮ ಸೋದರತ್ತೆ ತನ್ನ ಜೀವಮಾನದಲ್ಲಿ ಒಂದೇ ಒಂದು ತಪ್ಪನ್ನೂ ಮಾಡಿಲ್ಲ. ಇದು ನನ್ನ ಮಾತಲ್ಲ, ಅವಳದೇ! ರಾಯಬಾಗದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಮಕ್ಕಳ ತಪ್ಪಿಗೆ ಗೆರೆ ಎಳೆದೂ ಎಳೆದೂ ಅವಳ ಹೆಬ್ಬೆರಳಿಗೆ ಹತ್ತಿದ ಕೆಂಪು ಶಾಯಿ ಸಾಬೂನಿಗೂ ಜಗ್ಗುತ್ತಿರಲಿಲ್ಲ. ಇಂಥವಳು ಐವತ್ತು ದಾಟಿದ ಮೇಲೆ ಒಂದು ದಪ್ಪ ಪುಸ್ತಕ ತರಿಸಿ, ಕಂಪ್ಯೂಟರಿನ ಮುಂದೆ ಕುಳಿತು, ತಾನೇ ಒಂದು ಮೊಬೈಲ್ ಆ್ಯಪ್ ಮಾಡಿದಳು ಎಂದರೆ ನೀವು ನಂಬುತ್ತೀರಾ? ಅವಳ ಗಂಡ, ಅಂದರೆ ನಮ್ಮ ಮಾಮಾ, ಇವತ್ತಿಗೂ ನಂಬಿಲ್ಲ.

ಅದು ಬಸ್ಸಿನ ವೇಳೆ ಹೇಳುವ ಆ್ಯಪು. ತೆರೆದರೆ ಪರದೆ ತುಂಬ ಐದು ದೊಡ್ಡ ಚೌಕ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಮೊದಲ ದಿನ ನಿಮ್ಮ ಊರು ಯಾವುದೆಂದು ಹೇಳಿಟ್ಟರೆ ಮುಗಿಯಿತು. ಆಮೇಲೆ ಹೋಗಬೇಕಾದ ಊರಿನ ಚೌಕ ಒತ್ತಿದರೆ ಸಾಕು, ಅತ್ತೆಯ ಧ್ವನಿಯೇ ಗುಡುಗುತ್ತಿತ್ತು: "ಏಳೂ ಇಪ್ಪತ್ತಕ್ಕ ಬರತೈತಿ. ಐದ ನಿಮಿಷ ಮೊದಲ ಬಂದ ನಿಂದರು. ಚಪ್ಪಲಿ ಹುಡಕ್ಕೋತ ಕುಂದರಬ್ಯಾಡ!" ಆಗಿನ ಎಷ್ಟೋ ಫೋನುಗಳಿಗೆ ಕನ್ನಡ ಅಕ್ಷರ ಮೂಡಿಸಲು ಬರುತ್ತಿರಲಿಲ್ಲ. ಅದಕ್ಕೂ ಅತ್ತೆ ಬಗ್ಗಲಿಲ್ಲ. ಬಿಳಿ ಹಾಳೆಯ ಮೇಲೆ ಊರಿನ ಹೆಸರುಗಳನ್ನು ದುಂಡಗೆ ಬರೆದು, ಫೋಟೋ ತೆಗೆದು, ಚೌಕಗಳಿಗೆ ಅಂಟಿಸಿಬಿಟ್ಟಳು. ಕೆಳಗೆ ಸಣ್ಣದಾಗಿ ತನ್ನ ನಂಬರಿನ ಜೊತೆ ಒಂದು ಸಾಲು: "ತಪ್ಪಿದ್ದರೆ ತಿಳಿಸಿರಿ. ಇರುವುದಿಲ್ಲ."

ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಬಂತು ನೋಡಿ ಗಂಡಾಂತರ! ಅವಳು ಯಾವ ಸಾಫ್ಟ್‌ವೇರಿನಲ್ಲಿ ಆ್ಯಪ್ ಕಟ್ಟಿದ್ದಳೋ ಅದು ಹಳೆಯದಾಯಿತು, ಇನ್ನು ಮುಂದೆ ಎಲ್ಲರೂ ಹೊಸದಕ್ಕೆ ಬರಬೇಕು ಎಂದು ಸೂಚನೆ ಬಂತು. ಚಿಕ್ಕೋಡಿಯ ಆಫೀಸೊಂದರಲ್ಲಿ ನಾನು ಟೈಪಿಸ್ಟು. ಕೀಲಿಮಣೆ ನೋಡದೆ ಬೆರಳಾಡಿಸುತ್ತೇನೆ ಎಂಬ ಒಂದೇ ಅರ್ಹತೆಯ ಮೇಲೆ ಅತ್ತೆ ನನ್ನನ್ನು ಪ್ರತಿ ಭಾನುವಾರ ರಾಯಬಾಗಕ್ಕೆ ಕರೆಸಿಕೊಳ್ಳತೊಡಗಿದಳು.

ಹೊಸ ಸಾಫ್ಟ್‌ವೇರು ಅವಳ ಮುದಿ ಕಂಪ್ಯೂಟರಿಗೆ ಒಗ್ಗಲೇ ಇಲ್ಲ. ಬಟನ್ ಒತ್ತಿ, ಬೇಳೆಗೆ ಕುಕ್ಕರ್ ಇಟ್ಟು, ಐದು ಸೀಟಿ ಹೊಡೆಸಿ, ಒಗ್ಗರಣೆ ಹಾಕಿ ಬಂದರೂ ಅದಿನ್ನೂ ತಿಣುಕುತ್ತಲೇ ಇರುತ್ತಿತ್ತು. ಪೆಟ್ಟಿಗೆ ಕಾದ ಹೆಂಚಾಗುತ್ತಿತ್ತು. ಅತ್ತೆ ಅದನ್ನಾದರೂ ಸುಮ್ಮನೆ ಬಿಟ್ಟಳೇ? ಹಾಲಿಗೆ ಹೆಪ್ಪು ಹಾಕಿ ಪಾತ್ರೆಯನ್ನು ಅದರ ತಲೆಯ ಮೇಲಿಟ್ಟಳು! ಆ ಚಳಿಗಾಲದಲ್ಲಿ ಇಡೀ ಓಣಿಯಲ್ಲಿ ಗಟ್ಟಿ ಮೊಸರು ಸಿಕ್ಕಿದ್ದು ನಮ್ಮತ್ತೆಯ ಮನೆಯಲ್ಲಿ ಮಾತ್ರ.

ಅಂತೂ ಒಂದು ಭಾನುವಾರ ಆ್ಯಪಿನ ಹಳೆಯ ಕೋಡ್ ಬರಹವೆಲ್ಲ ಹೊಸ ಪರದೆಯ ಮೇಲೆ ಬಂತು. ಬಂದದ್ದನ್ನು ನೋಡಿ ಅತ್ತೆ ಹೌಹಾರಿದಳು. ಅವಳು ಬರೆದ ಎಷ್ಟೋ ಪದಗಳ ಮೇಲೆ ಅಡ್ಡಗೆರೆ!

"ಯಾಂವಲೇ ಇಂವಾ, ನಾ ಬರದದ್ದರ ಮ್ಯಾಲೆ ಗೆರಿ ಎಳ್ಯಾಂವ?"

"ಅತ್ತಿ, ತಪ್ಪಂತ ಅಲ್ಲ. ಇದು ಹಳೇದಾತು, ಇನ್ನಮ್ಯಾಲೆ ಬಳಸಬ್ಯಾಡ್ರಿ ಅಂತ ಅದರ ಅರ್ಥ."

"ಹಳೇದಾತು ಅಂದ್ರ ಗೆರಿ ಎಳಿಯೂದಾ? ಹಂಗಾದ್ರ ನಿಮ್ಮ ಮಾಮಾಗೂ ಒಂದ್ ಗೆರಿ ಎಳೀಬೇಕಾಗತೈತಿ!"

ಕಟ್ಟೆಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಿದ್ದ ಮಾಮಾ ಮೆಲ್ಲಗೆ ಎದ್ದು ಕಬ್ಬಿನ ಹೊಲದ ಕಡೆ ಹೊರಟುಬಿಟ್ಟರು.

ಒಂದು ತಿಂಗಳು ಗುದ್ದಾಡಿ ಅತ್ತೆ ಹೊಸ ಆ್ಯಪನ್ನು ಊರಿಗೆ ಬಿಟ್ಟಳು. ಹೊಸ ಸಾಫ್ಟ್‌ವೇರು ಚಿತ್ರಗಳನ್ನು ತನ್ನಿಷ್ಟಕ್ಕೆ ಹಿಗ್ಗಿಸುತ್ತದೆಂದು ಅವಳಿಗಾಗಲಿ ನನಗಾಗಲಿ ತಿಳಿದಿರಲಿಲ್ಲ. ಚೌಕ ಇದ್ದಷ್ಟೇ ಇತ್ತು, ಒಳಗಿನ ಅಕ್ಷರ ಆನೆಯ ಗಾತ್ರವಾಗಿತ್ತು. ಎಡಗಡೆಯ ಊರುಗಳಿಗೆ ತಲೆ ಹೋಯಿತು, ಬಲಗಡೆಯವುಗಳಿಗೆ ಬಾಲ. ಕಾಗವಾಡದಲ್ಲಿ "ಕಾಗ" ಮಾತ್ರ ಉಳಿಯಿತು. ಮರುದಿನವೇ ಒಬ್ಬರ ಫೋನು: "ಅಕ್ಕೋರ, ಈಗ ಕಾಗಿಗೂ ಬಸ್ ಬಿಟ್ಟಾರೇನ್ರಿ?" ಹೆಸರು ಗಿಡ್ಡವಾದ್ದರಿಂದ ಅಥಣಿಯೊಂದು ಬಚಾವಾಯಿತು.

ನಿಪ್ಪಾಣಿಯ ಗತಿ ಇನ್ನೂ ಸ್ವಾರಸ್ಯದ್ದು. "ನಿ" ಹೋಯಿತು, ಕೆಳಗಿನ ಒತ್ತೂ ಕತ್ತರಿಸಿ ಹೋಯಿತು, ಉಳಿದದ್ದು "ಪಾಣಿ". ಭೋಜ ಎಂಬ ಹಳ್ಳಿಯ ರೈತರೊಬ್ಬರ ಮನೆಮಾತು ಮರಾಠಿ. ಮರಾಠಿಯಲ್ಲಿ ಪಾಣಿ ಎಂದರೆ ನೀರಲ್ಲವೇ? ಅಕ್ಕೋರು ನಳದ ನೀರಿನ ವೇಳೆಯನ್ನೂ ಹೇಳಲು ಶುರು ಮಾಡಿದ್ದಾರೆಂದು ಆ ಪುಣ್ಯಾತ್ಮರು ಒತ್ತಿಯೇಬಿಟ್ಟರು. "ಏಳೂ ಇಪ್ಪತ್ತಕ್ಕ ಬರತೈತಿ. ಐದ ನಿಮಿಷ ಮೊದಲ ಬಂದ ನಿಂದರು" ಎಂದು ಅತ್ತೆ ಆಜ್ಞಾಪಿಸಿದಳು. ಅವರು ಏಳೂ ಹದಿನೈದಕ್ಕೆ ಕೊಡಗಳ ಸಮೇತ ನಳದ ಮುಂದೆ ಹೋಗಿ ನಿಂತರು.

ಸಂಜೆ ಅವರ ಫೋನು ಬಂದಾಗ ನಾನು ಪಕ್ಕದಲ್ಲೇ ಇದ್ದೆ. ಬೈಗಳು ಕೇಳಲು ಸಿದ್ಧಳಾಗಿ ಅತ್ತೆ ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದಿದ್ದಳು. ಆ ಕಡೆಯಿಂದ ಬಂದದ್ದು ಹೀಗೆ: "ಬಾಯಿ, ಪಾಣಿ ಅಗದಿ ವೇಳೇವರ ಆಲಂ!" ನೀರು ಸರಿಯಾದ ಹೊತ್ತಿಗೇ ಬಂದಿತ್ತಂತೆ! ಮರುದಿನ ಭೋಜದಲ್ಲಿ ಇನ್ನೂ ನಾಲ್ಕು ಮನೆಯವರು ಆ್ಯಪ್ ಹಾಕಿಸಿಕೊಂಡರು. ತಾನು ಮಾಡಿದ್ದು ತಪ್ಪಲ್ಲ ಎಂಬ ಅತ್ತೆಯ ವಾದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕೇ?

ಆದರೂ ಒಳಗೊಳಗೇ ಅವಳು ಅಳುಕಿದ್ದಳು. ಎಲ್ಲ ಜಾತಿಯ ಫೋನುಗಳ ಮೇಲೂ ಪರೀಕ್ಷೆ ಆಗಬೇಕೆಂದಳು. ಅಷ್ಟು ಫೋನು ಎಲ್ಲಿಂದ ತರುವುದು? ಆ ವಾರ ನಮ್ಮ ತಂಗಿಯ ಕುಬಸ, ಅಂದರೆ ಸೀಮಂತ, ಇತ್ತು. ಬಂದ ಬೀಗರನ್ನೆಲ್ಲ ಅತ್ತೆ ಬಾಗಿಲಲ್ಲೇ ತಡೆದು, ಆರತಿಗಿಂತ ಮೊದಲು ಮೊರ ಮುಂದೆ ಹಿಡಿದಳು: "ಫೋನ್ ಇದರಾಗ ಇಡ್ರಿ, ಆಮ್ಯಾಲೆ ಒಳಗ ಹೋಗ್ರಿ." ತಂಗಿಯ ಮಡಿಲು ತುಂಬುವ ಮುಂಚೆಯೇ ಅತ್ತೆಯ ಮೊರ ತುಂಬಿತು. ಒಂದು ಫೋನಿನಲ್ಲಿ ಕಾಗವಾಡವೇ ಪರದೆಯಿಂದಾಚೆ ಬಿದ್ದಿತ್ತು. ಇನ್ನೊಂದರಲ್ಲಿ ಗಡಿಯಾರ, ಬ್ಯಾಟರಿ ತೋರಿಸುವ ಮೇಲಿನ ಪಟ್ಟಿಯ ಅಡಿಯಲ್ಲಿ ಚಿಕ್ಕೋಡಿ ಹುದುಗಿತ್ತು. ಅಷ್ಟರಲ್ಲಿ ಬೀಗರ ಫೋನು ಹೊಡೆದುಕೊಂಡಿತು. ಅತ್ತೆಯೇ ಎತ್ತಿದಳು.

"ಈಗ ಮಾತಾಡಾಕ ಬರೂದಿಲ್ರಿ. ಪರೀಕ್ಷಾ ನಡದೈತಿ!"

ಕರೆ ಮಾಡಿದವರು ದಾರಿ ತಪ್ಪಿದ್ದ ಅಡಿಗೆಯವರು. ಊಟ ಸಂಜೆ ನಾಲ್ಕಕ್ಕಾಯಿತು.

ಕೊನೆಗೆ ಅತ್ತೆ ಸೋತು, ಹೊಸ ಸಾಫ್ಟ್‌ವೇರು ಸಿದ್ಧವಾಗಿಟ್ಟು ಕೊಡುವ ನಮೂನೆಯನ್ನೇ ಒಪ್ಪಿಕೊಂಡಳು. ಮೂಲೆಯಲ್ಲಿ ಒಂದರ ಕೆಳಗೊಂದು ಮೂರು ಗೆರೆ. ಅದನ್ನು ಒತ್ತಿದರೆ ಪಕ್ಕದಿಂದ ಒಂದು ಪಟ್ಟಿ ಸರಿದು ಬಂದು ಐದೂ ಊರು ಅಚ್ಚುಕಟ್ಟಾದ ಅಚ್ಚಿನ ಅಕ್ಷರದಲ್ಲಿ ಕಾಣುತ್ತವೆ. ಆಗಿನ ಫ್ಯಾಷನ್ನೇ ಅದು, ಅಷ್ಟರಲ್ಲಿ ಫೋನುಗಳೂ ಕನ್ನಡ ಕಲಿತಿದ್ದವು. ಎಲ್ಲ ತೊಂದರೆಯೂ ಒಂದೇ ಏಟಿಗೆ ಮಾಯ! ಪರದೆಯ ಮೇಲೆ ಏನೂ ಇಲ್ಲದ ಮೇಲೆ ಕತ್ತರಿಸಿ ಹೋಗುವುದಾದರೂ ಏನು? ಎಲ್ಲರೂ ಹೊಗಳಿದರು. ನಾನೂ ಇನ್ನು ಭಾನುವಾರ ನಿದ್ದೆ ಮಾಡಬಹುದೆಂದು ಖುಷಿಪಟ್ಟೆ.

ನಿದ್ದೆ ಎಲ್ಲಿಯದು? ಯಾವ ಆವೃತ್ತಿ ಎಷ್ಟು ಫೋನಿನಲ್ಲಿದೆ ಎಂದು ತೋರಿಸುವ ಒಂದು ಪುಟವಿತ್ತು. ಅತ್ತೆ ಅದನ್ನು ಹಾಜರಿ ಪುಸ್ತಕದಂತೆ ದಿನಾ ನೋಡುತ್ತಿದ್ದಳು. ಎಲ್ಲರೂ ಹೊಸದಕ್ಕೆ ಬಂದರು, ಒಂದು ಫೋನು ಮಾತ್ರ ಬರಲಿಲ್ಲ. ಹಳೆಯ ಆವೃತ್ತಿಯ ಮುಂದೆ "೧" ಎಂಬ ಅಂಕಿ ಗೂಟ ಹೊಡೆದು ಕೂತಿತ್ತು. ವಾರ ಕಳೆಯಿತು, ತಿಂಗಳು ಕಳೆಯಿತು, ಅದು ಅಲ್ಲಾಡಲಿಲ್ಲ.

"ಒಬ್ಬರು ಉಳದಾರ. ಯಾರಂತ ಹುಡಕಬೇಕು. ಸ್ಕೂಟಿ ತೆಗಿ."

ಹುಡುಕಿದ ಚಂದ ಏನು ಹೇಳಲಿ! ರಾಯಬಾಗದ ಬಸ್ ನಿಲ್ದಾಣದಲ್ಲಿ ಅತ್ತೆ ಕಾಪಿ ಹಿಡಿಯುವ ಸ್ಕ್ವಾಡಿನಂತೆ ಬೆಂಚಿನಿಂದ ಬೆಂಚಿಗೆ ನಡೆದಳು. "ಫೋನ್ ತೋರಸ್ರಿ. ಹ್ಞೂಂ, ಹೊಸಾದು. ಮುಂದಿನವ್ರು!" ಅವಳ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಎರಡು ಮಕ್ಕಳ ತಂದೆ, ಫೋನಿನ ಜೊತೆ ಬಾಯಲ್ಲಿದ್ದ ಗುಟಕಾವನ್ನೂ ಒಪ್ಪಿಸಲು ತಯಾರಾದ. ಮಂಗಸೂಳಿಯ ಮಲ್ಲಯ್ಯನ ದರ್ಶನಕ್ಕೆ ಹೊರಟಿದ್ದ ಭಕ್ತರನ್ನೂ ಅತ್ತೆ ಬಿಡಲಿಲ್ಲ. ಮೂರನೆಯ ಭಾನುವಾರ ಒಬ್ಬ ಕಂಡಕ್ಟರು ಕನಿಕರಪಟ್ಟು ಹೇಳಿದ: "ದಿಗ್ಗೇವಾಡ್ಯಾಗ ಒಬ್ಬಾಕಿ ಅದಾಳ ನೋಡ್ರಿ. ದಿನಾ ಮುಂಜಾನೆ ಫೋನ್ ಕಿವಿಗೆ ಹಿಡಕೊಂಡೇ ಬಸ್ಸಿಗೆ ಕೈ ಮಾಡತಾಳ."

ದಿಗ್ಗೇವಾಡಿಗೆ ಹೋದೆವು. ಎರಡು ಕೋಣೆಯ ಮನೆ, ಬಾಗಿಲ ಮೇಲೆ ಬುದ್ಧನ ಚಿತ್ರ. ಅತ್ತೆ ಹೊರಗಿನಿಂದಲೇ ಕೂಗಿದಳು: "ಮನ್ಯಾಗ ಯಾರದೀರಿ?"

ಒಳಗೆ ಧಡಬಡ ಸದ್ದಾಯಿತು. ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಬುತ್ತಿಚೀಲ ಹೆಗಲಿಗೇರಿಸುತ್ತ ಓಡಿ ಬಂದಳು. "ಬಸ್ ಬಂತೇನ್ರಿ?"

ದಿನಾ ಕೇಳುವ ಧ್ವನಿ ನೋಡಿ! ಫೋನಿನಲ್ಲಿ ಬಸ್ಸಿನ ವೇಳೆ ಹೇಳುವ ಬಾಯಿಯೇ ಎದುರಿಗೆ ನಿಂತಿದ್ದಾಳೆಂದು ತಿಳಿದಾಗ ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ಚಾಪೆ ಹಾಸಿದಳು, ಚಹಾಕ್ಕಿಟ್ಟಳು. ನದಿ ದಾಟಿ ಅಥಣಿ ಕಡೆಯ ದ್ರಾಕ್ಷಿ ತೋಟಗಳಿಗೆ ಕೂಲಿಗೆ ಹೋಗುವಾಕೆ. ಮಗಳು ನಿಪ್ಪಾಣಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಅವಳೇ ತನ್ನ ಹಳೆಯ ಫೋನು ಕೊಟ್ಟು ಆ್ಯಪ್ ಹಾಕಿಕೊಟ್ಟಿದ್ದಳು.

"ಎಲ್ಲಾರೂ ಹೊಸಾದು ಹಾಕ್ಕೊಂಡಾರ. ನೀ ಯಾಕ ಹಾಕ್ಕೊಂಡಿಲ್ಲವಾ?" ಅತ್ತೆಯ ದನಿ ತರಗತಿಯದ್ದೇ.

ಅವಳು ಚಹಾದ ಬಟ್ಟಲು ಮುಂದಿಟ್ಟು, ತಪ್ಪು ಮಾಡಿದವಳಂತೆ ನಿಂತಳು. "ಬಾಜೂ ಮನಿಯಾಕಿ ಫೋನಿನಾಗ ನೋಡೀನ್ರಿ. ಅದರಾಗ ಮೂರು ಗೆರಿ ಅದಾವು. ಒತ್ತಿದ್ರ ಒಳಗ ಬರೇ ಅಕ್ಷರ. ನನಗ ಅಕ್ಷರ ಬರೂದಿಲ್ರಿ ಅಕ್ಕೋರ. ಜಾಗಾ ಬರತೈತಿ."

ಆಕೆ ಹಳೆಯ ಆ್ಯಪ್ ತೆರೆದು, ಪರದೆ ನೋಡದೆ ಬೆರಳಿಟ್ಟು ತೋರಿಸಿದಳು. "ಇಲ್ಲಿ ಅಥಣಿ, ಕೂಲಿ. ಇಲ್ಲಿ ನಿಪ್ಪಾಣಿ, ಮಗಳು."

ಅತ್ತೆ ಆಕೆಯ ಬೆರಳನ್ನೇ ನೋಡುತ್ತ ಬಟ್ಟಲು ಕೈಯಲ್ಲಿ ಹಿಡಿದೇ ಕುಳಿತಳು. ಚಹಾ ಆರಿತು. ಮನೆಗೆ ಬಂದವಳೇ ಕಂಪ್ಯೂಟರ್ ಹಚ್ಚಿದಳು. "ತಪ್ಪಾಗೇತಿ" ಎಂದಳು. ಆ ಮಾತನ್ನು ಅವಳ ಬಾಯಿಂದ ಕೇಳಿದ ಮಾಮಾ ಗಾಬರಿಯಾಗಿ, ಮೈಯಲ್ಲಿ ಹುಷಾರಿದೆಯೇ ಎಂದು ಅವಳ ಹಣೆ ಮುಟ್ಟಿ ನೋಡಿದರು.

ಮೂರು ಗೆರೆ ಕಿತ್ತುಹಾಕಿ, ಐದು ಚೌಕಗಳನ್ನು ಕೂದಲೆಳೆಯಷ್ಟೂ ಕದಲದಂತೆ ಹಳೆಯ ಜಾಗಕ್ಕೇ ತರಲು ಆರು ವಾರ ಹಿಡಿಯಿತು. ಅದನ್ನು ಫೋನಿಗೆ ಹಾಕಿಕೊಡಲು ಅತ್ತೆ ತಾನೇ ದಿಗ್ಗೇವಾಡಿಗೆ ಹೋದಳು, ಜೊತೆಗೆ ನಾನೂ.

"ಇಷ್ಟ ಮಂದ್ಯಾಗ ನನ್ನೊಬ್ಬಾಕಿ ಸಲುವಾಗಿ ಬಂದ್ರ್ಯಾ?" ಆಕೆ ಕೇಳಿದಳು.

"ಒಬ್ಬಾಕಿ ಹೊರಗ ಉಳದಾಳಂದ್ರ ನಾ ಒಳಗ ಪಾಠಾ ಹೆಂಗ ಮಾಡ್ಲೆವಾ?"

ಆಕೆ ಹೊಸ ಪರದೆಯ ಮೇಲೆ ಐದೂ ಕಡೆ ಬೆರಳಿಟ್ಟು ನೋಡಿದಳು. ಎಲ್ಲವೂ ಇದ್ದಲ್ಲೇ ಇದ್ದವು. ಆಕೆಗೆ ಧೈರ್ಯ ಬಂತು. "ನೀವು ಮಾಡ್ರಿ ನೋಡೂಣು. ಕಣ್ಣ ಮುಚ್ಚರಿ, ಅಕ್ಕೋರ" ಎಂದು ಫೋನನ್ನು ಅತ್ತೆಯ ಕೈಗಿತ್ತಳು. "ನನ್ನ ಮಗಳ ಊರು ಎಲ್ಲಿ ಐತಿ?"

ಅತ್ತೆ ಕಣ್ಣು ಮುಚ್ಚಿದಳು. ತಾನೇ ಅಳೆದು ತೂಗಿ ಇಟ್ಟ ಬಟನ್ನು! ಬೆರಳಿಟ್ಟಳು.

"ಅಲ್ಲಲ್ರಿ. ಒಂಚೂರು ಕೆಳಗ."

ಯಾರಿಂದಲೂ ಒಂದು ತಿದ್ದುಪಡಿಯನ್ನೂ ತೆಗೆದುಕೊಳ್ಳದ ನಮ್ಮತ್ತೆ, ಮುಚ್ಚಿದ ಕಣ್ಣು ತೆರೆಯದೆ, ಬೆರಳನ್ನು ಒಂಚೂರು ಕೆಳಗೆ ಸರಿಸಿದಳು.